ಗುಂಡಿ ಹೊಲಿಯುತ್ತ ಕಿವಿಗೊಟ್ಟವರು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಕ್ಷರ ಕಲಿಸಿದವರು ಅನೇಕರಿದ್ದಾರೆ, ಮಗ್ಗಿ ಬಾಯಿಪಾಠ ಮಾಡಿಸಿದವರು ಇನ್ನೂ ಅನೇಕರಿದ್ದಾರೆ. ಆದರೆ ಪರದೆಯ ಆಚೆ ಕುಳಿತ ಅಪರಿಚಿತರಿಂದ ಮಕ್ಕಳನ್ನು ಕಾಯುವುದೂ ಶಾಲೆಯ ಕೆಲಸವೇ ಎಂದು, ಆ ಕೆಲಸಕ್ಕೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ ಅರಿತು, ಯಾರ ಆದೇಶಕ್ಕೂ ಕಾಯದೆ ಕೈಗೆತ್ತಿಕೊಂಡು, ಮೂವತ್ತಮೂರು ವರ್ಷಗಳ ಸೇವೆಯಲ್ಲಿ ಇಪ್ಪತ್ತನ್ನು ಅದಕ್ಕೇ ಮೀಸಲಿಟ್ಟವರು ಬೆರಳೆಣಿಕೆಯಷ್ಟು. ಈ ತಿಂಗಳ ಕೊನೆಯ ದಿನ ನಮ್ಮ ಶಾಲೆಯಿಂದ ನಿವೃತ್ತರಾಗುತ್ತಿರುವ ಹೊಲಿಗೆ ಮೇಡಂ ಆ ಬೆರಳೆಣಿಕೆಯವರಲ್ಲಿ ಒಬ್ಬರು. ಇಲಾಖೆಯ ಕಡತದಲ್ಲಿ ಅವರ ಹುದ್ದೆ ಕಂಪ್ಯೂಟರ್ ಶಿಕ್ಷಕಿ ಎಂದಿದೆ. ಆದರೆ ಶಾಲೆಯಲ್ಲಿ ಹೊಲಿಗೆ ತರಗತಿ ಎಂಬುದೊಂದಿತ್ತೆಂದು ಗೊತ್ತೇ ಇಲ್ಲದ ಪುಟಾಣಿಗಳೂ ಅವರನ್ನು ಹೊಲಿಗೆ ಮೇಡಂ ಎಂದೇ ಕರೆಯುತ್ತಾರೆ, ಅವರೂ ಆ ಹೆಸರಿಗೇ ತಿರುಗಿ ನೋಡುತ್ತಾರೆ.

ಬೀಳ್ಕೊಡುಗೆ ಸಂಪುಟದ ಸಮಿತಿಯವರು ಈ ಲೇಖನವನ್ನು ಶಾಲೆಯ ಗುಮಾಸ್ತನಿಗೆ ಒಪ್ಪಿಸಿದಾಗ ಸ್ಟಾಫ್ ರೂಮಿನಲ್ಲಿ ಸಣ್ಣದೊಂದು ನಗೆ ಎದ್ದಿತು. ನಗುವವರನ್ನು ದೂರುವಂತಿಲ್ಲ. ಇಪ್ಪತ್ತಾರು ವರ್ಷಗಳಿಂದ ಹಾಜರಿ ಪುಸ್ತಕ, ವರ್ಗಾವಣೆ ಪತ್ರ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗುವ ಕಾಗದ, ಇವಿಷ್ಟನ್ನು ಬಿಟ್ಟು ಬೇರೇನನ್ನೂ ಬರೆಯದ ಮನುಷ್ಯ ಅವನು. ಆದರೂ ಮರುಮಾತಿಲ್ಲದೆ ಒಪ್ಪಿಕೊಂಡ. ಮೇಡಂ ಆರು ವರ್ಷಗಳಿಂದ ಒಂದು ತಪ್ಪನ್ನು ತಮ್ಮೊಬ್ಬರ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಅದರಲ್ಲಿ ದೊಡ್ಡ ಪಾಲು ಗುಮಾಸ್ತನದು. ಅವರು ಶಾಲೆಯ ಗೇಟು ದಾಟುವ ಮೊದಲು ಅದನ್ನು ನಾಲ್ಕು ಜನರೆದುರು ಹೇಳದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಮೇಡಂ ಇದನ್ನು ಅಚ್ಚಾದ ಮೇಲೆಯೇ ಓದುತ್ತಾರೆ. ಬೈಯಬಹುದು, ಬೈಯಲಿ.

ಮೇಡಂ ಸೇವೆಗೆ ಸೇರಿದಾಗ ಅವರ ಕೋಣೆಯಲ್ಲಿದ್ದದ್ದು ಕಾಲಿನಿಂದ ತುಳಿಯುವ ಮೂರು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ ಮತ್ತು ಇಂಚು ಇಂಚಿಗೂ ಗುಂಡುಸೂಜಿ ಚುಚ್ಚಿಸಿಕೊಂಡ ಒಂದು ಮೇಜು. ಹನ್ನೆರಡು ವರ್ಷ ಮಕ್ಕಳಿಗೆ ಅಂಚು ಮಡಿಸುವುದನ್ನೂ, ಹರಿದ ಜೇಬಿಗೆ ತೇಪೆ ಹಾಕುವುದನ್ನೂ ಕಲಿಸಿದರು. ಆಮೇಲೆ ವೇಳಾಪಟ್ಟಿಯಿಂದ ಹೊಲಿಗೆ ಮಾಯವಾಯಿತು. ಅದೇ ವರ್ಷ ರಟ್ಟಿನ ಪೆಟ್ಟಿಗೆಗಳಲ್ಲಿ ನಾಲ್ಕು ಕಂಪ್ಯೂಟರುಗಳು ಬಂದಿಳಿದವು. ಅಂದಿನ ಹೆಡ್‌ಮಾಸ್ಟರ್ ಮೇಡಂ ಅವರನ್ನು ಕರೆಸಿದರು.

"ನೋಡಿ ಮೇಡಂ, ಗೋಡೆ ತುಂಬ ಪ್ಲಗ್ ಇರೋ ಕೋಣೆ ನಿಮ್ಮದೊಂದೇ. ಬೀಗಾನೂ ಗಟ್ಟಿಯಾಗಿದೆ. ಹಾಗಾಗಿ ನಾಳೆಯಿಂದ ನೀವೇ ಕಂಪ್ಯೂಟರ್ ಟೀಚರ್."

"ಅಯ್ಯೋ ಸಾರ್, ನನಗೆ ಅದನ್ನ ಆನ್ ಮಾಡೋಕೂ ಬರಲ್ವಲ್ಲ!"

"ಮಕ್ಕಳಿಗೂ ಬರಲ್ಲ. ಒಟ್ಟಿಗೇ ಕಲಿತ್ಕೊಳ್ಳಿ."

ನೇಮಕಾತಿ ಎಂದರೆ ಇಷ್ಟೇ. ಮರುದಿನದಿಂದ ಒಂದು ತಿಂಗಳು ಪ್ರತಿದಿನ ಶಾಲೆ ಬಿಟ್ಟ ಮೇಲೆ ಮೇಡಂ ಕಚೇರಿಗೆ ಬಂದು ಗುಮಾಸ್ತನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಒಂದೇ ಬೆರಳಿನಿಂದ, ಸೂಜಿಗೆ ದಾರ ಪೋಣಿಸುವಷ್ಟೇ ಜಾಗರೂಕತೆಯಿಂದ ಟೈಪಿಂಗ್ ಕಲಿತರು. ಇಂದಿಗೂ ಅವರದು ಒಂದೇ ಬೆರಳು. ಆ ಒಂದು ಬೆರಳಿನ ಋಣ ಗುಮಾಸ್ತನ ಮೇಲಿದೆ: ಅವನ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದ ಹನ್ನೊಂದು ದಿನ, ಶಾಲೆ ಬಿಡುವ ಮಕ್ಕಳ ವರ್ಗಾವಣೆ ಪತ್ರಗಳನ್ನೆಲ್ಲ ಮೇಡಂ ಟಕ್, ಟಕ್ ಎಂದು ಕುಟ್ಟಿ ಮುಗಿಸಿ, ಅವನು ಮರಳಿ ಬಂದಾಗ ಮೇಜನ್ನು ಒರೆಸಿ ಇಟ್ಟಿದ್ದರು. ಕೃತಜ್ಞತೆ ಹೇಳಲು ಹೋದರೆ, "ಅಮ್ಮ ಹೇಗಿದ್ದಾರೆ ಅದನ್ನ ಹೇಳಿ ಮೊದಲು" ಎಂದು ಬಾಯಿ ಮುಚ್ಚಿಸಿದರು.

ಕಂಪ್ಯೂಟರ್ ಬಂದ ಎರಡನೆಯ ವರ್ಷ ನಡೆದ ಒಂದು ಪ್ರಸಂಗ ಅವರ ದಾರಿಯನ್ನು ಬದಲಿಸಿತು. ಚಿತ್ರ ಬಿಡಿಸುವುದಕ್ಕೆಂದು ಹಕ್ಕಿಯ ಫೋಟೋ ಹುಡುಕುತ್ತಿದ್ದ ಮೂರನೇ ತರಗತಿಯ ಮಗುವೊಂದರ ಮುಂದೆ, ಅದು ಏನನ್ನು ಒತ್ತಿತೋ ಏನೋ, ದೊಡ್ಡವರೂ ನೋಡಬಾರದ ಚಿತ್ರವೊಂದು ಪರದೆಯ ತುಂಬ ತೆರೆದುಕೊಂಡಿತು. ಕೋಣೆಯೆಲ್ಲ ಹೋ ಎಂದು ಕೂಗಿತು. ಹೆಡ್‌ಮಾಸ್ಟರ್ ಓಡಿ ಬಂದು ಮಗುವನ್ನು ಇಡೀ ದಿನ ಹೊರಗೆ ನಿಲ್ಲಿಸಿದರು. ಹದಿನೈದು ದಿನ ಕೋಣೆಗೆ ಬೀಗ ಬಿತ್ತು. ಬೀಗ ತೆಗೆದ ಮೇಲೆ ಮೇಡಂ ಒಂದು ಸಂಗತಿ ಗಮನಿಸಿದರು. ತಮ್ಮ ಚಪ್ಪಲಿಯ ಸದ್ದು ಕೇಳಿದರೆ ಸಾಕು, ನಾಲ್ಕೂ ಪರದೆಗಳಲ್ಲಿ ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋಗುತ್ತಿತ್ತು. ಚಿಟ್ಟೆಯ ಚಿತ್ರ ನೋಡುತ್ತಿದ್ದ ಮಗುವೂ ಮುಚ್ಚುತ್ತಿತ್ತು.

"ಎರಡು ವರ್ಷದಲ್ಲಿ ನಾವು ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದು ಒಂದೇ, ಗುಮಾಸ್ತರೇ," ಎಂದರು ಅವರು ಅಂದು ಸಂಜೆ, ಚಹಾ ಲೋಟ ಹಿಡಿದುಕೊಂಡು. "ಬೇಗ ಬೇಗ ಮುಚ್ಚಿಡೋದು. ನನಗೆ ಹೆದರಿಕೆ ಆಗ್ತಿರೋದು ಆ ಚಿತ್ರಕ್ಕಲ್ಲ ಕಣ್ರೀ, ಇದಕ್ಕೆ."

ಮರುವಾರ ಅವರು ಕೋಣೆಯಲ್ಲಿ ಎರಡು ಬದಲಾವಣೆ ಮಾಡಿದರು. ಗೋಡೆಗೆ ಮುಖಮಾಡಿ ಕುಳಿತಿದ್ದ ಕಂಪ್ಯೂಟರುಗಳನ್ನೆಲ್ಲ ಕೋಣೆಯ ಕಡೆಗೆ ತಿರುಗಿಸಿ, ತಮ್ಮ ಹಳೆಯ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಪ್ರತಿಯೊಂದು ಪರದೆಯೂ ಕಾಣುವಂತೆ ಮಾಡಿದರು. ಮತ್ತೆ ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು ಹೇಳಿದರು: ಏನಾದರೂ ಕೆಟ್ಟದ್ದು ಕಂಡರೆ, ಯಾರಾದರೂ ಏನಾದರೂ ಕೇಳಿದರೆ, ಹೊಟ್ಟೆಯೊಳಗೆ ಒಂಥರಾ ಆದರೆ, ಅಳಿಸಬೇಡಿ, ಉತ್ತರ ಕೊಡಬೇಡಿ, ಪರದೆಯ ದೀಪ ಮಾತ್ರ ಆರಿಸಿ ನನ್ನ ಹತ್ತಿರ ಬನ್ನಿ, ಬಂದವರಿಗೆ ಈ ಕೋಣೆಯಲ್ಲಿ ಬೈಗುಳವಿಲ್ಲ. ಮಕ್ಕಳು ತಲೆಯಾಡಿಸಿದರು. ಆದರೆ ಒಂದು ತಿಂಗಳು ಒಬ್ಬರೂ ಬರಲಿಲ್ಲ. ದೊಡ್ಡವರ ಇಂಥ ಮಾತುಗಳನ್ನು ಮಕ್ಕಳು ಬೇಕಾದಷ್ಟು ಕೇಳಿರುತ್ತವೆ.

ಮೊದಲ ಮಗು ಬಂದದ್ದು ಒಂದು ಗುಂಡಿಯ ನೆಪದಲ್ಲಿ. ಅಂಗಿಯ ಗುಂಡಿ ಕಿತ್ತುಹೋದ ಎರಡನೇ ತರಗತಿಯ ಹುಡುಗಿಯೊಬ್ಬಳನ್ನು ಮೇಡಂ ಎದುರಿಗೆ ನಿಲ್ಲಿಸಿಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ ಹೊಲಿಯತೊಡಗಿದರು. ಕಣ್ಣು ಸೂಜಿಯ ಮೇಲೆ, ಕೈ ಗುಂಡಿಯ ಮೇಲೆ. ಮುಖ ನೋಡುವ ಹಂಗಿಲ್ಲ, ಓಡಿಹೋಗುವ ಹಾಗೂ ಇಲ್ಲ. ಎರಡನೆಯ ಸುತ್ತು ದಾರ ಸುತ್ತುವಷ್ಟರಲ್ಲಿ ಆ ಹುಡುಗಿ, ಅಣ್ಣನ ಫೋನಿನಲ್ಲಿ ತಾನು ಕಂಡು ಹೆದರಿದ ವಿಡಿಯೋ ಒಂದರ ಕಥೆಯನ್ನು ಪೂರ್ತಿ ಹೇಳಿಬಿಟ್ಟಳು. ಮೇಡಂ ತಲೆ ಎತ್ತಲಿಲ್ಲ. "ಹೂಂ, ಆಮೇಲೆ?" ಎಂದಷ್ಟೇ ಅನ್ನುತ್ತ, ಮುಗಿದ ಗುಂಡಿಗೆ ಇನ್ನೂ ನಾಲ್ಕು ಹೊಲಿಗೆ ಹೆಚ್ಚಾಗಿಯೇ ಹಾಕಿದರು.

ಸುದ್ದಿ ಮಕ್ಕಳಲ್ಲಿ ಹೇಗೆ ಹರಡುತ್ತದೆಂಬುದನ್ನು ಯಾವ ಶಿಕ್ಷಣ ತಜ್ಞರೂ ಬಲ್ಲವರಲ್ಲ. ಆ ವರ್ಷದಿಂದ ನಮ್ಮ ಶಾಲೆಯಲ್ಲಿ ಹೇಳಲು ಏನಾದರೂ ಇರುವ ಮಗು ತನ್ನ ಅಂಗಿಯ ಗುಂಡಿಯನ್ನು ತಾನೇ ಕಿತ್ತುಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊಲಿಗೆ ಮೇಡಂ ಕೋಣೆಯ ಬಾಗಿಲಲ್ಲಿ ನಿಲ್ಲುವುದು ವಾಡಿಕೆಯಾಯಿತು. ಅಜ್ಜಿಯೊಬ್ಬರು ಕಚೇರಿಗೇ ಬಂದು, "ಅಲ್ರೀ, ಎಂಥ ಶಾಲೆ ನಿಮ್ದು? ನಮ್ಮ ಮೊಮ್ಮಗನ ಅಂಗೀಲಿ ಒಂದು ಗುಂಡಿ ವಾರ ನಿಲ್ಲಲ್ವಲ್ಲ! ಮಕ್ಕಳಿಗೆ ಪಾಠ ಹೇಳ್ತೀರೋ ಕುಸ್ತಿ ಆಡಿಸ್ತೀರೋ?" ಎಂದು ತರಾಟೆಗೆ ತೆಗೆದುಕೊಂಡದ್ದು ಗುಮಾಸ್ತನಿಗೆ ಚೆನ್ನಾಗಿ ನೆನಪಿದೆ. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ಅಜ್ಜಿಯನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ನಿಧಾನವಾಗಿ ಎಲ್ಲವನ್ನೂ ತಿಳಿಸಿದರು.

ತಿಳಿಸದೆ ಇರುತ್ತಿರಲಿಲ್ಲ. ಮೇಡಂ ಮಕ್ಕಳ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ದೊಡ್ಡವರಾಗಲು ಹೊರಟವರಲ್ಲ. ಪ್ರತಿ ಮಗುವಿಗೂ ದಾರ ಕತ್ತರಿಸುವ ಮೊದಲೇ ಹೇಳುತ್ತಿದ್ದರು: "ಇದನ್ನ ಮನೇಲಿ ಹೇಳ್ಲೇಬೇಕು ಮರಿ. ನೀನೇ ಹೇಳ್ತೀಯೋ, ಇಬ್ಬರೂ ಸೇರಿ ಹೇಳೋಣವೋ?" ನೂರಕ್ಕೆ ತೊಂಬತ್ತು ಮಕ್ಕಳು ಇಬ್ಬರೂ ಸೇರಿ ಎನ್ನುತ್ತಿದ್ದವು. ಶಾಲೆ ಬಿಡುವ ಹೊತ್ತಿಗೆ ತಾಯಿಯೋ ತಂದೆಯೋ ಗೇಟಿಗೆ ಬಂದಾಗ ಮೇಡಂ ಮಗುವಿನ ಕೈ ಹಿಡಿದುಕೊಂಡೇ ಹೇಳುತ್ತಿದ್ದರು, ಮತ್ತು ಮಾತಿನ ಕೊನೆಗೆ ಪ್ರತಿ ಸಲವೂ, "ಬಂದು ಹೇಳಿದ್ದಾಳೆ, ಅದು ದೊಡ್ಡದು. ಬೈದ್ರೆ ಇನ್ನೊಂದ್ಸಲ ಹೇಳಲ್ಲ" ಎಂದು ಸೇರಿಸುತ್ತಿದ್ದರು.

ಮನೆಯವರಿಗೆಂದು ಅವರು ವರ್ಷಕ್ಕೊಮ್ಮೆ ನಡೆಸುತ್ತಿದ್ದ ಸಭೆಯಂತೂ ನೋಡಿಯೇ ಅನುಭವಿಸಬೇಕಾದದ್ದು. ಅಪ್ಪ ಅಮ್ಮಂದಿರನ್ನು ಒಂದನೇ ತರಗತಿಯ ಪುಟ್ಟ ಬೆಂಚುಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂರಿಸಿ, ಒಂದೊಂದು ಚೀಟಿ ಕೊಟ್ಟು ಪರೀಕ್ಷೆ ಇಡುತ್ತಿದ್ದರು. ನಿಮ್ಮ ಮಗು ಫೋನಿನಲ್ಲಿ ಆಡುವ ಆಟದ ಹೆಸರೇನು? ಆ ಆಟದಲ್ಲಿ ಮಾತಾಡುವವರು ಯಾರು? ಮಗು ಕೊನೆಯ ಬಾರಿ ಹೆದರಿದ್ದು ಯಾವಾಗ? ಪಕ್ಕದವರ ಚೀಟಿ ಇಣುಕಿ ನೋಡಿದ ತಂದೆಯರನ್ನು ಹಿಂದಿನ ಬೆಂಚಿಗೆ ಕಳಿಸಿದ್ದೂ ಉಂಟು. ಇಂಥದ್ದೊಂದು ಸಭೆಯಲ್ಲಿ ಬಸ್ ಡ್ರೈವರ್ ಒಬ್ಬರು ಮೊದಲ ಪ್ರಶ್ನೆಗೆ "ಅದೇ, ಓಡೋ ಆಟ" ಎಂದು ಬರೆದು, ಉಳಿದದ್ದನ್ನು ಖಾಲಿ ಬಿಟ್ಟು, ಎದ್ದು ನಿಂತು ಹೇಳಿದ ಮಾತನ್ನು ಮೇಡಂ ಆಮೇಲೆ ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ. "ಮೇಡಂ, ನನ್ನ ಬಸ್ಸಲ್ಲಿ ದಿನಾ ಬರೋ ಅರವತ್ತು ಜನ ಎಲ್ಲೆಲ್ಲಿ ಇಳೀತಾರೆ ಅಂತ ಕಣ್ಮುಚ್ಚಿ ಹೇಳ್ತೀನಿ. ನನ್ನ ಮಗಳು ಆ ಫೋನಲ್ಲಿ ಎಲ್ಲಿ ಹತ್ತಿ ಎಲ್ಲಿ ಇಳೀತಾಳೆ, ದೇವರಾಣೆ ಗೊತ್ತಿಲ್ಲ." ಆ ಮಗಳು ಆಗ ಮೂರನೇ ತರಗತಿ. ಬಾಯಿ ತೆರೆದರೆ ಮುಚ್ಚದ ಅವಳಿಗೆ ಸ್ಟಾಫ್ ರೂಮಿನಲ್ಲಿ ಮಾತಿನಮಲ್ಲಿ ಎಂದು ಹೆಸರಿತ್ತು.

ಇನ್ನು ಗುಮಾಸ್ತ ಹೇಳಬೇಕಾದದ್ದು.

ಮೇಡಂ ಕೋಣೆಯಲ್ಲಿ ಹೊಲಿಗೆಯ ಕಾಲದಿಂದಲೂ ಒಂದು ದೊಡ್ಡ ನೀಲಿ ಬಟ್ಟೆ ತೂಗುತ್ತಿತ್ತು. ಅದರಲ್ಲಿ ಪ್ರತಿ ಮಗುವಿಗೂ ಒಂದು ಪುಟ್ಟ ಜೇಬು, ಜೇಬಿನಲ್ಲಿ ಮಗುವಿನ ಫೋಟೋ ಮತ್ತು ಅದಕ್ಕೆ ಏನು ಇಷ್ಟ ಎಂದು ಅದೇ ಬರೆದ ಚೀಟಿ. ಏಳು ವರ್ಷದ ಹಿಂದೆ ಶಾಲೆಗೊಂದು ವೆಬ್‌ಸೈಟ್ ಆದಾಗ, ಆ ಬಟ್ಟೆಯನ್ನು ಅದರಲ್ಲಿ ಹಾಕೋಣ, ಅಜ್ಜ ಅಜ್ಜಿಯರೂ ಮನೆಯಿಂದ ನೋಡಿ ಸಂತೋಷಪಡಲಿ ಎಂಬ ಆಸೆ ಮೇಡಂ ಅವರದು. ಮಕ್ಕಳ ಫೋಟೋ, ಕರೆಯುವ ಹೆಸರು, ಚೀಟಿಯಲ್ಲಿರುವ ಇಷ್ಟ, ಇಷ್ಟೇ ಸಾಕು ಎಂದು ಗುಮಾಸ್ತನಿಗೆ ಹೇಳಿ ಕೊಟ್ಟರು. ಗುಮಾಸ್ತ ಪಟ್ಟಿ ಮಾಡಲು ಕುಳಿತ. ಪುಟದಲ್ಲಿ ಪ್ರತಿ ಮಗುವಿನ ಕೆಳಗೆ ಮೂರು ಮನೆಗಳು ಖಾಲಿ ಉಳಿದವು. ಓದುಗರೇ, ಖಾಲಿ ಮನೆ ಕಂಡರೆ ಗುಮಾಸ್ತನ ಕೈ ಸುಮ್ಮನಿರುವುದಿಲ್ಲ. ಒಂದೂ ಕಾಲಂ ಖಾಲಿ ಬಿಡದವನೆಂದು ಇಲಾಖೆಯ ತಪಾಸಣೆಯವರಿಂದ ಹೊಗಳಿಸಿಕೊಂಡವನು ಅವನು. ದಾಖಲಾತಿ ಪುಸ್ತಕ ತೆಗೆದ. ಹುಟ್ಟಿದ ದಿನ, ತಂದೆಯ ಉದ್ಯೋಗ, ಮನೆಯಿರುವ ಬೀದಿ, ಮೂರನ್ನೂ ಇನ್ನೂರ ಹದಿನಾಲ್ಕು ಮಕ್ಕಳಿಗೆ ತುಂಬಿದ. ಪುಟ ಬಲು ಲಕ್ಷಣವಾಗಿ ಕಂಡಿತು. ಮೇಡಂ ಅದನ್ನು ತಮ್ಮ ಕೋಣೆಯಲ್ಲಿ ಮಕ್ಕಳೊಂದಿಗೆ ನೋಡಿದ್ದರು. ಫೋಟೋಗಳನ್ನು ನೋಡಿ ಖುಷಿಪಟ್ಟರು, ಫೋಟೋದ ಕೆಳಗಿನ ಸಣ್ಣ ಅಕ್ಷರಗಳವರೆಗೆ ಅವರ ಕಣ್ಣು ಇಳಿಯಲಿಲ್ಲ.

ಮರುವರ್ಷ, ನಾಲ್ಕನೇ ತರಗತಿಗೆ ಬಂದಿದ್ದ ಮಾತಿನಮಲ್ಲಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ಅವಳು ಮೇಡಂ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮುಷ್ಟಿಯಲ್ಲಿ ಒಂದಲ್ಲ, ಅಂಗಿಯ ಐದೂ ಗುಂಡಿಗಳು. ಮೇಡಂ ತಮ್ಮ ಸ್ವೆಟರ್ ಅವಳಿಗೆ ತೊಡಿಸಿ, ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿ ತೆಗೆದರು.

ಅವಳು ಹೇಳಿದ್ದು ಇದು. ಆ ಓಡುವ ಆಟದಲ್ಲಿ ಒಬ್ಬ ಅಂಕಲ್ ಮಾತಾಡಿಸಿದ. ಹುಟ್ಟಿದ ದಿನ ಸರಿಯಾಗಿ ಶುಭಾಶಯ ಹೇಳಿದ. ನಿಮ್ಮ ಮೂರು ಕಾಲಿನ ಬೆಕ್ಕು ಹೇಗಿದೆ ಅಂತ ಕೇಳಿದ. ನಾನು ನಿಮ್ಮಪ್ಪನ ಜೊತೆ ಬಸ್ ಓಡಿಸೋನು, ನಿಂಗೊಂದು ಗಿಫ್ಟ್ ತಂದಿದೀನಿ, ಮನೆ ಬಾಗಿಲಿನ ಫೋಟೋ ಕಳಿಸು ಅಂದ. ಕಳಿಸಿದೆ. ಈಗ, ಮನೇಲಿ ಯಾರೂ ಇಲ್ಲದ ಹೊತ್ತು ಯಾವುದು ಹೇಳು, ಅಪ್ಪನಿಗೆ ಹೇಳಿದ್ರೆ ಗಿಫ್ಟೂ ಇಲ್ಲ, ನೀನು ಫೋಟೋ ಕಳಿಸಿದ್ದನ್ನ ನಾನೇ ಅಪ್ಪನಿಗೆ ಹೇಳ್ತೀನಿ ಅಂತಿದಾನೆ.

"ಹೇಳಿದೀಯಾ, ಯಾರೂ ಇಲ್ಲದ ಹೊತ್ತು?" ಮೇಡಂ ದನಿ ಏರಲಿಲ್ಲ. ಸೂಜಿ ಮಾತ್ರ ಬೆರಳಿಗೆ ಚುಚ್ಚಿತ್ತು.

"ಇಲ್ಲ. ನಾಳೆ ಹೇಳ್ತೀನಿ ಅಂದಿದೀನಿ. ಮೇಡಂ, ಅಪ್ಪ ನನ್ನ ಸಾಯಿಸ್ತಾರೆ."

"ನಿಮ್ಮಪ್ಪನ್ನ ನನಗೆ ಬಿಡು. ನೀನು ಬಂದು ಹೇಳಿದ್ಯಲ್ಲ, ನನ್ನ ಬಂಗಾರ, ಅಷ್ಟು ಸಾಕು. ಇನ್ನು ಇದು ದೊಡ್ಡವರ ಕೆಲಸ."

ಐದೂ ಗುಂಡಿ ಹೊಲಿದು ಮುಗಿಸಿಯೇ ಎದ್ದರು. ಆಮೇಲಿನದೆಲ್ಲ ಚಕಚಕನೆ ನಡೆಯಿತು. ಡಿಪೋಗೆ ಫೋನ್ ಮಾಡಿ ಡ್ರೈವರನ್ನೂ, ಕೆಲಸದ ಜಾಗದಿಂದ ಅವರ ಹೆಂಡತಿಯನ್ನೂ ಕರೆಸಿದರು. ಅವಳು ಆಟವಾಡುತ್ತಿದ್ದ ಅಪ್ಪನ ಫೋನಿನಲ್ಲಿದ್ದ ಮಾತುಗಳಲ್ಲಿ ಒಂದನ್ನೂ ಅಳಿಸಗೊಡದೆ, ಅವರೊಂದಿಗೆ ತಾವೂ ಪೊಲೀಸ್ ಠಾಣೆಗೆ ಹೋದರು. ಆ ಮನುಷ್ಯ ಯಾವ ಬಸ್ಸಿನ ಡ್ರೈವರೂ ಆಗಿರಲಿಲ್ಲ. ಪೊಲೀಸರು ಅವನನ್ನು ತಿಂಗಳೊಳಗೆ ಹಿಡಿದರು; ಅವನ ವಿಷಯ ಅಷ್ಟೇ ಸಾಕು, ಅವನಿಗೆ ಈ ಸಂಪುಟದಲ್ಲಿ ಜಾಗವಿಲ್ಲ.

ಆದರೆ ಮೂರು ಕಾಲಿನ ಬೆಕ್ಕಿನ ಸುದ್ದಿ ಅವನಿಗೆ ಗೊತ್ತಾದದ್ದು ಹೇಗೆ? ಅದನ್ನು ಕಂಡುಹಿಡಿದವರು ಪೊಲೀಸರಲ್ಲ, ಮೇಡಂ. ಠಾಣೆಯಿಂದ ನೇರ ಕಚೇರಿಗೆ ಬಂದು ಗುಮಾಸ್ತನ ಕಂಪ್ಯೂಟರಿನಲ್ಲಿ ಒಂದು ಬೆರಳಿನಿಂದ ಆ ಪುಟ ತೆರೆದರು. ಫೋಟೋ, ಹೆಸರು, ಇಷ್ಟ: ನಮ್ಮ ಮೂರು ಕಾಲಿನ ಬೆಕ್ಕು. ಅದರ ಕೆಳಗೆ ಹುಟ್ಟಿದ ದಿನ, ತಂದೆಯ ಉದ್ಯೋಗ, ಬೀದಿ. ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು.

"ಇದನ್ನ ತುಂಬಿದ್ದು..." ಎಂದು ಅವನು ಶುರುಮಾಡಿದ.

"ಗೊತ್ತು," ಎಂದರು ಮೇಡಂ. "ಮೊದಲು ಒಂದು ಪ್ರತಿ ತೆಗೀರಿ, ಠಾಣೆಗೆ ಕೊಡ್ಬೇಕು. ಆಮೇಲೆ ಇಡೀ ಪುಟ ತೆಗೆದುಹಾಕಿ. ಈಗಲೇ."

ಆಗಿನ ಹೆಡ್‌ಮಾಸ್ಟರ್, ಮೊದಲಿನವರ ನಂತರ ಬಂದವರು, ಪುಟ ಹೋಯಿತಲ್ಲ, ಇನ್ನು ಬಾಯಿ ಮುಚ್ಚಿಕೊಂಡಿರೋಣ, ಶಾಲೆಯ ಮರ್ಯಾದೆಯ ಪ್ರಶ್ನೆ ಎಂದರು. ಉಳಿದ ಇನ್ನೂರ ಹದಿಮೂರು ಮಕ್ಕಳ ವಿವರವೂ ಒಂದು ವರ್ಷ ಬೀದಿಯಲ್ಲಿ ಬಿದ್ದಿತ್ತು, ಅವರ ಮನೆಯವರಿಗೆ ಗೊತ್ತಾಗದಿದ್ದರೆ ಮಕ್ಕಳನ್ನು ಕಾಯುವುದು ಹೇಗೆ ಎಂದು ಮೇಡಂ ಕೇಳಿದರು. ಶನಿವಾರ ಎಲ್ಲ ಪೋಷಕರನ್ನೂ ಕರೆಸಲಾಯಿತು.

ಆ ಸಭೆಯಲ್ಲಿ ಮೇಡಂ ಯಾವ ಮಗುವಿನ ಸುಳಿವೂ ಸಿಗದಂತೆ ನಡೆದದ್ದನ್ನು ಹೇಳಿ, ಮಕ್ಕಳಿಗೆ ಏನು ತಿಳಿಸಬೇಕು, ಯಾರು ಎಷ್ಟು ವಿವರ ಹೇಳಿದರೂ ಅವರು ಪರಿಚಿತರಲ್ಲವೆಂದು ಹೇಗೆ ವಿವರಿಸಬೇಕು ಎಂಬುದನ್ನೆಲ್ಲ ಹೇಳಿ, ಕೊನೆಗೆ, "ಆ ಪುಟ ಮಾಡಿಸಿದ್ದು ನಾನು. ತಪ್ಪು ನನ್ನದು" ಎಂದರು. ಮೂರನೆಯ ಸಾಲಿನಿಂದ ಡ್ರೈವರ್ ಎದ್ದರು. ಮಗಳ ವಿಷಯ ಎತ್ತದೆ, ಸಭ್ಯತೆ ಮೀರದ ಆದರೆ ಚರ್ಮ ಸುಲಿಯುವಂಥ ಮಾತುಗಳಲ್ಲಿ ಮೇಡಂ ಅವರನ್ನು ಬೈಯತೊಡಗಿದರು. ಉಪದೇಶ ಮಾಡೋಕೆ ನಮ್ಮನ್ನ ಬೆಂಚಲ್ಲಿ ಕೂರಿಸ್ತೀರಿ, ಮಕ್ಕಳ ಜಾತಕ ಊರಿಗೆಲ್ಲ ಹಂಚ್ತೀರಿ ಎಂದರು. ಗೋಡೆಯ ಪಕ್ಕ ನಿಂತಿದ್ದ ಗುಮಾಸ್ತ ಒಂದು ಹೆಜ್ಜೆ ಮುಂದೆ ಇಟ್ಟ. ಮೇಡಂ ಅವನತ್ತ ತಿರುಗಿ, ತರಗತಿಯಲ್ಲಿ ಗಲಾಟೆ ಮಾಡುವ ಮಗುವನ್ನು ಕೂರಿಸುವಂತೆ, ಅಂಗೈಯನ್ನು ಕೆಳಕ್ಕೆ ತೋರಿಸಿದರು. ಗುಮಾಸ್ತ ಹಿಂದಕ್ಕೆ ಸರಿದ. ಅವನಿಗೆ ಆಗ ಹಾಯೆನಿಸಿತು ಎಂಬುದನ್ನೂ ಇಲ್ಲಿ ಬರೆಯುವುದು ಒಳ್ಳೆಯದು.

ಇಲಾಖೆಯಿಂದ ಮೇಡಂಗೆ ಎಚ್ಚರಿಕೆಯ ಪತ್ರ ಬಂತು. ಅದೇ ವರ್ಷ ಅವರಿಗೆ ಬರಬೇಕಿದ್ದ ಮುಖ್ಯೋಪಾಧ್ಯಾಯಿನಿಯ ಹುದ್ದೆ ಬೇರೆಯವರಿಗೆ ಹೋಯಿತು. ಆ ಪತ್ರವನ್ನು ಕಡತಕ್ಕೆ ಸೇರಿಸಿದ್ದು ಗುಮಾಸ್ತನದೇ ಕೈ. ಸೇರಿಸುವ ಮುನ್ನ ಅದನ್ನು ಹಿಡಿದುಕೊಂಡು ಹೊಲಿಗೆ ಕೋಣೆಗೆ ಹೋಗಿ, ನಾನು ಹೋಗಿ ಎಲ್ಲ ಬರೆದುಕೊಡ್ತೀನಿ ಮೇಡಂ, ನನ್ನನ್ನ ಯಾಕೆ ತಡೆದಿರಿ ಎಂದು ಅತ್ತುಬಿಟ್ಟ.

"ಬರೆದುಕೊಟ್ರೆ ಏನಾಗುತ್ತೆ ಗುಮಾಸ್ತರೇ? ನಾನು ಅಂದೆ, ನೀವು ಅಂದ್ರಿ, ಯಾರದು ಎಷ್ಟು ಅಂತ ವಿಚಾರಣೆ ಕೂರುತ್ತೆ. ವಿಚಾರಣೆ ಅಂದ್ರೆ ಆ ಮಗೂನ ನಾಲ್ಕು ಕೋಣೇಲಿ ನಾಲ್ಕು ಸಲ ಕೂರಿಸಿ ಕೇಳ್ತಾರೆ. ನೀನ್ಯಾಕೆ ಫೋಟೋ ಕಳಿಸಿದೆ, ನೀನ್ಯಾಕೆ ಉತ್ತರ ಕೊಟ್ಟೆ ಅಂತ. ಅವಳು ಇನ್ನು ಜನ್ಮದಲ್ಲಿ ಬಾಯಿ ಬಿಡ್ತಾಳಾ? ಶಾಲೆಲಿ ಉಳಿದ ಮಕ್ಕಳು ಬಿಡ್ತಾವಾ?" ಅವರು ಪತ್ರ ಇಸಿದುಕೊಂಡು ಮಡಿಸಿ ಅವನ ಕೈಗೇ ಇಟ್ಟರು. "ಮತ್ತೆ ತಪ್ಪು ನನ್ನದೂ ಹೌದು. ಇನ್ನೂರು ಮಕ್ಕಳಿಗೆ ಸರಿಯಾಗಿ ನೋಡಿ ಒತ್ತಿ ಅಂತ ಹೇಳ್ತೀನಿ, ನಾನೇ ಸರಿಯಾಗಿ ನೋಡಲಿಲ್ಲ. ಮೂಗು ಒರೆಸ್ಕೊಳ್ಳಿ, ಯಾರಾದ್ರೂ ಬಂದಾರು."

ಅದಾದ ಮೇಲೂ ಮೇಡಂ ಕೋಣೆಯ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ನೀಲಿ ಬಟ್ಟೆ ಗೋಡೆಯಲ್ಲೇ ಉಳಿಯಿತು, ಗೋಡೆಯಿಂದ ಆಚೆ ಹೋಗಲಿಲ್ಲ. ಸುತ್ತಲಿನ ಹದಿನೇಳು ಶಾಲೆಗಳಿಗೆ ಹೋಗಿ, ಮಕ್ಕಳ ವಿವರ ಎಲ್ಲೆಲ್ಲಿ ಬಿದ್ದಿದೆ ಎಂದು ತಾವೇ ಕುಳಿತು ಹುಡುಕಿಕೊಟ್ಟು ಬಂದರು. ಪ್ರತಿ ಶಾಲೆಯಲ್ಲೂ ತಮ್ಮ ಎಚ್ಚರಿಕೆಯ ಪತ್ರವನ್ನು ಮೊದಲು ತೋರಿಸಿಯೇ ಮಾತು ಶುರುಮಾಡುತ್ತಿದ್ದರಂತೆ. ನೊಂದುಕೊಂಡಿದ್ದರೆ ಒಂದೇ ವಿಷಯಕ್ಕೆ. ಡ್ರೈವರ್ ಮೇಡಂ ಜೊತೆ ಮಾತು ಬಿಟ್ಟಿದ್ದರು. ಮೇಡಂ ಸ್ಟಾಪಿನಲ್ಲಿ ನಿಂತಿದ್ದರೆ ಬಸ್ಸು ನಿಲ್ಲಿಸುತ್ತಿದ್ದರು, ಅವರು ಹತ್ತಿ ಕುಳಿತಮೇಲೆಯೇ ಹೊರಡಿಸುತ್ತಿದ್ದರು; ಆದರೆ ನಮಸ್ಕಾರಕ್ಕೆ ನಮಸ್ಕಾರವಿಲ್ಲ, ಕನ್ನಡಿಯಲ್ಲಿ ಕೂಡ ನೋಡುತ್ತಿರಲಿಲ್ಲ. ಆರು ವರ್ಷ ಹೀಗೇ ನಡೆಯಿತು.

ಹೋದ ತಿಂಗಳು, ಈ ಲೇಖನ ಬರೆಯುವ ಮೊದಲು, ಗುಮಾಸ್ತ ಡಿಪೋಗೆ ಹೋದ. ಆ ಮಗಳು ಈಗ ಹತ್ತನೇ ತರಗತಿ. ಇನ್ನು ಅವಳನ್ನು ಯಾರೂ ಯಾವ ಕೋಣೆಯಲ್ಲೂ ಕೂರಿಸಿ ಕೇಳುವುದಿಲ್ಲ. ಹುಟ್ಟಿದ ದಿನ, ಉದ್ಯೋಗ, ಬೀದಿ, ಮೂರನ್ನೂ ತುಂಬಿದವನು ತಾನು, ಮೇಡಂ ಇಷ್ಟೇ ಸಾಕು ಎಂದಿದ್ದರೂ ತುಂಬಿದವನು ತಾನು, ಸಭೆಯಲ್ಲಿ ಗೋಡೆಗೊರಗಿ ಸುಮ್ಮನೆ ನಿಂತವನೂ ತಾನು ಎಂದು ಒಂದೇ ಉಸಿರಿಗೆ ಹೇಳಿದ. ಡ್ರೈವರ್ ಹಳೆಯ ಪತ್ರಿಕೆಯೊಂದನ್ನು ಮುದ್ದೆಮಾಡಿ ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದವರು, ಒರೆಸುತ್ತಲೇ ಇದ್ದರು. ಹೊಡೆದರೂ ಹೊಡೆಯಲಿ ಎಂದು ಗುಮಾಸ್ತ ನಿಂತೇ ಇದ್ದ.

"ಆವತ್ತು ಸಭೆ ಮುಗಿದ ಮೇಲೆ ಏನಾಯ್ತು ಗೊತ್ತಾ ನಿಮಗೆ?" ಎಂದರು ಕೊನೆಗೆ.

"ಇಲ್ಲ."

"ಸಿಟ್ಟಲ್ಲಿ ಹೊರಟಿದ್ದೆ. ಮೇಡಂ ಗೇಟಿನ ತನಕ ನನ್ನ ಹಿಂದೆ ಓಡಿ ಬಂದ್ರು. 'ಅಣ್ಣಾ, ಇನ್ನ ಬೈಯೋದು ಉಳಿದಿದ್ರೆ ಇಲ್ಲೇ ಬೈದು ಮುಗಿಸಿ. ಮನೆಗೆ ತಗೊಂಡು ಹೋಗ್ಬೇಡಿ' ಅಂದ್ರು. ನಾನು ಬಿಡ್ತೀನಾ? ಅಲ್ಲೇ ನಿಂತು ಇನ್ನೂ ಹತ್ತು ನಿಮಿಷ ಬೈದೆ. ಬಾಯಿ ಒಣಗೋ ತನಕ ಬೈದೆ. ಅವರು ಕೈ ಕಟ್ಕೊಂಡು ನಿಂತಿದ್ರು." ಕೈಯಲ್ಲಿದ್ದ ಪತ್ರಿಕೆ ಹರಿದುಹೋಗಿತ್ತು. "ಮನೆಗೆ ಹೋದ್ರೆ ಮಗಳು ಬಾಗಿಲ ಹಿಂದೆ ಅವಿತ್ಕೊಂಡು ನಿಂತಿದ್ಲು. ಅವಳಿಗೆ ಅನ್ನೋಕೆ ನನ್ನ ಹತ್ರ ಒಂದು ಮಾತೂ ಉಳಿದಿರಲಿಲ್ಲ ಸ್ವಾಮಿ. ಸುಮ್ನೆ ಪಕ್ಕದಲ್ಲಿ ಕೂರಿಸ್ಕೊಂಡೆ. ಆವತ್ತಿಂದ ಇವತ್ತಿನ ತನಕ, ಫೋನಲ್ಲಿ ಏನೇ ಬರಲಿ, ಮೊದಲು ನನಗೆ ತಂದು ತೋರಿಸ್ತಾಳೆ. ಮೊನ್ನೆ ಕೂಡ ತೋರಿಸಿದ್ಲು."

ಆಮೇಲೆ ಅವರು ಗಾಜಿನ ಕಡೆಗೆ ತಿರುಗಿಕೊಂಡು, ಗುಮಾಸ್ತನಿಗೆ ಕೇಳಿಸಲೆಂದೋ ಬೇಡವೆಂದೋ, "ಆರು ವರ್ಷ ಆ ತಾಯಿಗೆ ಒಂದು ನಮಸ್ಕಾರ ಹೇಳಲಿಲ್ಲವಲ್ಲಪ್ಪ ನಾನು" ಎಂದರು.

ಸೇವೆಯಿಂದ ಬಿಡುಗಡೆಯಾದರೂ ಮೇಡಂ ಪ್ರತಿ ಬುಧವಾರ ಕೋಣೆಗೆ ಬರುವುದಾಗಿ ಒಪ್ಪಿದ್ದಾರೆ; ಆ ಕೋಣೆಯ ಕೀಲಿಕೈಯನ್ನು ಅವರಿಂದ ಮರಳಿ ಪಡೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಇಂಥ ಲೇಖನದ ಕೊನೆಗೆ ಆಯುರಾರೋಗ್ಯ ಕೋರುವುದು ವಾಡಿಕೆ. ಅದಕ್ಕೆ ತಕ್ಕ ಮಾತು ಗುಮಾಸ್ತನಲ್ಲಿಲ್ಲ, ಇದ್ದರೂ ಕೋರುವ ಯೋಗ್ಯತೆ ಅವನಿಗಿಂತ ಬೇರೆಯವರಿಗೆ ಹೆಚ್ಚು. ಹಾಗಾಗಿ ಸಂಪುಟಕ್ಕೆ ನೀವೂ ಒಂದು ಸಾಲು ಕೊಡಿ ಎಂದು ಡ್ರೈವರನ್ನೇ ಕೇಳಿದ. ನನಗೆ ಬರೆಯೋಕೆಲ್ಲ ಬರಲ್ಲ ಎಂದು ಅವರು ಮೊದಲು ತಲೆಯಾಡಿಸಿದರು. ಬಸ್ಸು ಹತ್ತಿ, ಸೀಟಿನಲ್ಲಿ ಕುಳಿತು, ಇಂಜಿನ್ ಶುರುಮಾಡಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಗಟ್ಟಿಯಾಗಿ ಕೂಗಿ ಹೇಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ಕೂಡಿಸದೆ ಇಲ್ಲಿ ಬರೆಯಲಾಗಿದೆ:

"ನನ್ನ ಆಯಸ್ಸಲ್ಲಿ ಅರ್ಧ ಅವರಿಗೆ ಸೇರ್ಲಿ ಅಂತ ಬರೀರಿ. ನನ್ನ ಮಗಳು ನನ್ನ ಜೊತೆ ಮಾತಾಡ್ತಾಳೆ ಅಂತಾನೂ ಬರೀರಿ."